ನೊಣದ ಲೆಕ್ಕ

ಸಂಜೆ ಐದೂವರೆಗೆ, ಒಣಗಿದ ಬಟ್ಟೆ ಒಳಗೆ ಹೋದಮೇಲೆ
ಹಿತ್ತಲ ತಂತಿಯ ಮುಂದೆ ನಿಲ್ಲುತ್ತೇನೆ.
ಗೂಟದಿಂದ ಆ ಕೆಂಪು ಕ್ಲಿಪ್ಪಿನವರೆಗೆ
ಒಂದು ಮಾರು. ಅಷ್ಟರಲ್ಲಿ ಎಷ್ಟು ಕೂತಿವೆ?
ಚೆಕ್‌ಪೋಸ್ಟಿನಲ್ಲಿ ಇಪ್ಪತ್ತಾರು ವರ್ಷ
ಲಾರಿಯ ಮೇಲಿನ ದಿಮ್ಮಿ ಎಣಿಸಿದ ಕಣ್ಣು.
ಎದ್ದು ಹಾರುವುದನ್ನು ಎಣಿಸಿ ಅಭ್ಯಾಸವಿಲ್ಲ.

ಸೋಮವಾರ, ನೂರಾ ನಲವತ್ತು.
ಕ್ಯಾಲೆಂಡರಿನಲ್ಲಿ, ಗ್ಯಾಸ್ ಬಂದ ಗುರುತಿನ ಪಕ್ಕ ಬರೆದೆ.
ದೇವೀರಮ್ಮ ಇಣುಕಿದಳು:
"ಎಣಿಸಿದ್ರೆ ಸಾಯ್ತಾವಾ?"

ಶುರುವಾದದ್ದು ಒಂದು ಬಟ್ಟಲಿನಿಂದ.
ಬೇಲಿಯಾಚೆ ಮೈಮುನಾಳ ಮನೆಯಲ್ಲಿ
ಹನ್ನೆರಡು ದಿನದ ಕೂಸು.
ಬಾಣಂತಿಗೆಂದು ನಮ್ಮ ಗಿರಿರಾಜ ಕೋಳಿಯ ಆರು ಮೊಟ್ಟೆ ಕಳಿಸಿದ್ದೆವು.
ಮರುದಿನ ಬಟ್ಟಲು ಬಂತು,
ಆರೂ ಒಳಗೇ ಇದ್ದವು.
ಬೈಗುಳವಿಲ್ಲ, ಜಗಳವಿಲ್ಲ.
ತಂದ ಹುಡುಗ ಸುಹೇಲ ನೆಲ ನೋಡುತ್ತ ಅಂದ:
"ಪಾಪುವಿನ ತುಟಿ ಮೇಲೆ ಕೂರ್ತಾವೆ ಅಜ್ಜ."

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
ಆನಂದಪುರದ ತುಂಬ ಹಲಸಿನ ಸಿಪ್ಪೆ ಕೊಳೆಯುವ ತಿಂಗಳು,
ಸ್ಟೇಷನ್ ರಸ್ತೆಯಲ್ಲಿ ಮೀನಿನ ಶೆಡ್ಡು,
ಡೇರಿಯ ಹಿಂದೆ ಬಾಯ್ತೆರೆದ ಗೊಬ್ಬರಗುಂಡಿ.
ದಿಮ್ಮಿಯಾಗಿದ್ದರೆ ಬುಡದ ಹ್ಯಾಮರ್ ಗುರುತು ನೋಡಿ
ಇದು ಯಾವ ಕಾಡಿನದೆಂದು ಹೇಳಿಬಿಡುತ್ತಿದ್ದೆ.
ನೊಣಕ್ಕೆ ಎಲ್ಲಿದೆ ಗುರುತು?

ಬಾಟಲಿಗೆ ಬೆಲ್ಲದ ನೀರು, ಒಣಮೀನಿನ ಚೂರು,
ಮುಚ್ಚಳಕ್ಕೆ ತೂತು. ನುಗ್ಗೆಮರಕ್ಕೆ ಕಟ್ಟಿದೆ.
ಸಂಜೆಗೆ ಬಾಟಲಿ ಅರ್ಧ ಕಪ್ಪು.
ತಂತಿಯ ಮೇಲೆ? ನೂರಾ ಅರವತ್ತೆರಡು.
"ಊರಿಗೆಲ್ಲ ಕರೆಯೋಲೆ ಹಂಚಿದ್ರಲ್ಲ," ಅಂದಳು ದೇವೀರಮ್ಮ.

ಪಶು ಆಸ್ಪತ್ರೆಯ ಕಾಂಪೌಂಡರ್ ನಾಗೇಂದ್ರಯ್ಯ
ಸ್ಪ್ರೇ ಕೊಡಲಿಲ್ಲ.
"ಸತ್ತ ನೊಣ ಹೆಕ್ಕಿ ತಿನ್ನೋದು ನಿಮ್ಮ ಕೋಳಿಯೇ.
ಹಾರೋದನ್ನ ಬಿಡಿ, ತೆವಳೋದನ್ನ ಹುಡುಕಿ.
ಎಲ್ಲಿ ಒದ್ದೆಯೋ ಅಲ್ಲಿ."

ಟಾರ್ಚು ಹಿಡಿದು ಮಂಡಿಯೂರಿದೆ.
ಗೂಡಿನ ಕೆಳಗೆ ಹಿಕ್ಕೆ ಒಣಪುಡಿ,
ದಿನಾ ಬೆಳಗ್ಗೆ ಒಲೆಯ ಬೂದಿ ಚೆಲ್ಲುತ್ತಾಳೆ ಇವಳು,
ನನಗೆ ಗೊತ್ತೇ ಇರಲಿಲ್ಲ.
ನೀರಿನ ತಟ್ಟೆಯ ಸುತ್ತ ತುಸು ತೇವ, ಅಷ್ಟೇ.
ಬಾಳೆಬುಡದ ಕಲ್ಲು ಎತ್ತಿದೆ.
ಬೆಂದ ಅನ್ನ ಎದ್ದು ನಡೆದಂತೆ
ಬಿಳೀ ಹುಳ, ಒಂದರ ಮೇಲೊಂದು.

ರಾತ್ರಿ ಉಂಡೆದ್ದು, ಕೋಳಿಗಳಿಗಿರಲಿ ಎಂದು
ಮಿಕ್ಕ ಗಂಜಿ, ಮಜ್ಜಿಗೆ ತೊಳೆದ ನೀರು
ನಾನೇ ಸುರಿಯುವ ಜಾಗ ಅದು.
ಸುರಿದು, ಬಾ ಬಾ ಎಂದು ಕರೆದು
ಒಳ್ಳೆಯವನೆನಿಸಿಕೊಂಡು ಮಲಗುತ್ತಿದ್ದ ಜಾಗ.
ಗುರುತು ಸಿಕ್ಕಿತು. ನನ್ನದೇ ಹ್ಯಾಮರು.

ಬೆಳಗ್ಗೆ ಕೋಳಿಗಳನ್ನು ಅಲ್ಲಿಗೇ ಬಿಟ್ಟೆ.
ಕಾಲಿನಿಂದ ಕೆದರಿ, ಕತ್ತು ವಾಲಿಸಿ ನೋಡಿ, ಕುಕ್ಕಿ,
ಇಲಾಖೆಯ ಯಾವ ತನಿಖೆಯೂ ಅಷ್ಟು ಚುರುಕಾಗಿ ನಡೆದದ್ದಿಲ್ಲ.
ಉಳಿದ ಕೆಸರನ್ನು ತಗಡಿನ ಮೇಲೆ ತೆಳ್ಳಗೆ ಹರಡಿದೆ ಬಿಸಿಲಿಗೆ.
ಗುಂಡಿಗೆ ಸುಣ್ಣ, ಮೇಲೆ ಒಣಮಣ್ಣು.
ತಟ್ಟೆಯ ಅಡಿಗೆ ಎರಡು ಇಟ್ಟಿಗೆ.

ಬುಧವಾರ ನೂರಾ ಐವತ್ತು.
ಗುರುವಾರವೂ ಅಷ್ಟೇ. ಮಣ್ಣೊಳಗೆ ಮೊದಲೇ ಗೂಡು ಕಟ್ಟಿದ್ದವು
ತಮ್ಮ ಸರದಿ ಬಂದಾಗ ಬಂದೇ ಬರುತ್ತವೆ.
ಎಂಟನೆಯ ದಿನ ತೊಂಬತ್ತು.
ಹತ್ತಕ್ಕೆ ಮೂವತ್ತೆಂಟು.
ಒಂದು ರಾತ್ರಿ ಮಳೆ ಹೊಡೆಯಿತು, ಮತ್ತೆ ಎಪ್ಪತ್ತು,
ಆ ದಿನ ಬರೆಯಲು ಕೈ ಬರಲಿಲ್ಲ, ಬರೆದೆ.

ಬೇಲಿಯ ಹತ್ತಿರ ಹೋಗಿ ಹೇಳಿದೆ:
"ಅವು ನಮ್ಮವೇ, ಮೈಮುನಾ."
ಅವಳು ತೊಟ್ಟಿಲ ಬಟ್ಟೆ ಹಿಂಡುತ್ತಿದ್ದಳು.
"ಎಲ್ಲಾ ಅಲ್ಲ ಅಣ್ಣ," ಅಂದಳು,
"ನಮ್ಮ ಕಸದ ಗುಂಡಿಗೂ ನಿನ್ನೆ ಮಣ್ಣು ಹಾಕಿಸಿದೆ."
ಆಮೇಲೆ ಇಬ್ಬರಿಗೂ ಮಾತು ತೋಚಲಿಲ್ಲ,
ಕೂಸು ಒಳಗೆ ಅತ್ತಿತು, ಒಳ್ಳೆಯದಾಯಿತು.

ಇವತ್ತು ಸುಹೇಲ ಬಂದ, ಖಾಲಿ ಬಟ್ಟಲು ಹಿಡಿದು.
"ಆ ಮೊಟ್ಟೆ ಇನ್ನೂ ಇದಾವಾ?"
ಅವನ್ನು ನಾವು ಎಂದೋ ತಿಂದಾಗಿತ್ತು.
ಎರಡು ಇನ್ನೂ ಬೆಚ್ಚಗಿದ್ದ ಬೇರೆ ಆರನ್ನು
ದೇವೀರಮ್ಮ ತುಂಬಿಸಿದಳು.

ತಂತಿಗೆ ಹೋಗಲಿಲ್ಲ ನಾನು.
ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತರೆ
ಇವತ್ತಿನ ಚೌಕದೊಳಗೆ, ಸರಿಯಾಗಿ ನಡುವೆ,
ಒಂದು ಬಂದು ಕೂತು ಕೈ ಉಜ್ಜಿಕೊಳ್ಳುತ್ತಿತ್ತು.
ಇರಲಿ ಎಂದು ಬಿಟ್ಟೆ.